ನಿದ್ದೆ ಬರುತ್ತಿಲ್ಲ ಅಂದ ತಂಗಿಗೆ

ಸಿಯಾಟಲ್‌ಗೆ ಎಂ.ಎಸ್. ಓದಲು ಬಂದು ಮೂರು ತಿಂಗಳಾಯಿತು, ರಾತ್ರಿ ಎರಡಾದರೂ ನಿದ್ದೆ ಇಲ್ಲ, ಆಗಲೇ ಮೂರು ಸಲ ನೆಗಡಿ, ಜೊತೆಯವರೆಲ್ಲ ಆರಾಮಾಗಿದ್ದಾರೆ, ನಾನೇ ವೀಕಾ ಅಕ್ಕಾ ಅಂತ ಕೇಳಿದ್ದೀಯ. ಜನವರಿಯಲ್ಲಿ ಬಾಡಿಗೆ ಕಡಿಮೆ ಇರುವ ರೂಮಿಗೆ ಹೋಗಲಾ ಅಂತಲೂ ಕೇಳಿದ್ದೀಯ. ನೀನು ವೀಕ್ ಅಲ್ಲ ಪುಟ್ಟಿ. ರೂಮನ್ನಂತೂ ಈಗ ಬದಲಾಯಿಸಬೇಡ.

ಇದೇ ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಡಾಕ್ಟರ್ ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಜೊತೆ ಸೇರಿ 1967ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಬದುಕಿನ 43 ಬದಲಾವಣೆಗಳು, ಹೊಂದಿಕೊಳ್ಳಲು ಎಷ್ಟು ಕಷ್ಟ ಅಂತ ಒಂದೊಂದಕ್ಕೂ ಅಂಕ. ಗಂಡ ಅಥವಾ ಹೆಂಡತಿ ತೀರಿಕೊಂಡರೆ 100. ಮದುವೆಗೂ 50! ಖುಷಿಯ ಬದಲಾವಣೆಗೂ ಮೈ ಹೊಂದಿಕೊಳ್ಳಬೇಕು, ಅಲ್ವಾ? ಈಗ ನಿನ್ನದು ನೋಡು. ಮನೆ ಬದಲು 20, ಕಾಲೇಜು ಬದಲು 20, ಹಣದ ಪರಿಸ್ಥಿತಿ 38, ನಿದ್ದೆ 16, ಊಟ 15. ಇಷ್ಟಕ್ಕೇ 109 ಆಯಿತು. ಅಂಕ ಜಾಸ್ತಿಯಾದರೆ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ. ಆದರೆ ಒತ್ತಡ ತಿಂಗಳುಗಟ್ಟಲೆ ಇದ್ದರೆ, ನಿದ್ದೆಯೂ ಕೆಟ್ಟರೆ, ನೆಗಡಿಯನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಜೊತೆಗೆ ಇಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ.

ನನ್ನ ಮೊದಲ ಚಳಿಗಾಲದಲ್ಲಿ ಅಮ್ಮ ದಿನಾ ಫೋನಿನಲ್ಲಿ "ಊಟ ಆಯ್ತಾ?" ಅನ್ನುತ್ತಿದ್ದಳು. "ಆಯ್ತಮ್ಮಾ" ಅನ್ನುತ್ತಿದ್ದೆ. ಸೂಟ್‌ಕೇಸಿನಲ್ಲಿ ಚೆಲ್ಲದಿರಲಿ ಅಂತ ಅವಳು ಸಾರಿನ ಪುಡಿ ಡಬ್ಬಿಗೆ ನಾಲ್ಕು ಸುತ್ತು ಟೇಪು ಸುತ್ತಿದ್ದಳು. ಆ ಟೇಪನ್ನೇ ನಾನು ಬಿಚ್ಚಿರಲಿಲ್ಲ. ನಿಂತುಕೊಂಡೇ ಬ್ರೆಡ್ ತಿನ್ನುತ್ತಿದ್ದೆ. ಬಾಚಣಿಗೆ ತುಂಬಾ ಕೂದಲು. ಜ್ವರ ಬಂದು ಮಲಗಿದಾಗ ರೂಮಿನ ತೆಲುಗು ಹುಡುಗಿ ಚಾಕುವಿನಿಂದ ಟೇಪು ಕುಯ್ದು ಸಾರು ಮಾಡಿದಳು. ಇಂಗಿನ ವಾಸನೆಗೆ ಅಳು ಬಂತು. ಅವತ್ತೇ ಅಮ್ಮನಿಗೆ ನಿಜ ಹೇಳಿದೆ. ಅವಳು ಗಾಬರಿಯಾಗಲಿಲ್ಲ, "ಗಂಜಿ ಮಾಡ್ಕೋ" ಅಂದಳು ಅಷ್ಟೇ.

ಅದಕ್ಕೇ ಹೇಳುತ್ತಿದ್ದೇನೆ, ಇನ್ನೊಂದು ಬದಲಾವಣೆಯನ್ನು ನೀನಾಗಿ ತಂದುಕೊಳ್ಳಬೇಡ. ಬಾಡಿಗೆ ಉಳಿಸುವುದನ್ನು ಬೇಸಿಗೆಯಲ್ಲಿ ನೋಡೋಣ. ಮಲಗುವ ಹೊತ್ತು, ರಾತ್ರಿಯ ಅನ್ನ, ಮನೆಗೆ ಫೋನು, ಈ ಮೂರು ದಿನಾ ಒಂದೇ ಥರ ಇರಲಿ. ಮಧ್ಯಾಹ್ನ ಬೆಳಕಿರುವಾಗಲೇ ಹೊರಗೆ ನಡೆದು ಬಾ. ನಿದ್ದೆಯ ವಿಷಯ ಕ್ಯಾಂಪಸ್ಸಿನ ಹೆಲ್ತ್ ಸೆಂಟರ್‌ಗೆ ಈ ವಾರವೇ ಹೋಗಿ ಹೇಳು. ಕೌನ್ಸೆಲಿಂಗ್ ಸಾಮಾನ್ಯವಾಗಿ ಫೀಸಿನಲ್ಲೇ ಸೇರಿರುತ್ತದೆ, ಅದಕ್ಕೆ ನಾಚಿಕೆ ಬೇಡ. ಬದುಕೇ ಬೇಡ ಅನ್ನಿಸುವಷ್ಟು ಮನಸ್ಸು ಕುಸಿದರೆ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡು, ಯಾವ ಹೊತ್ತಿನಲ್ಲಾದರೂ ಎತ್ತುತ್ತಾರೆ. ನನಗೂ ಮಾಡು.

ನಿನ್ನ ಹತ್ತಿರ ಸಾರಿನ ಪುಡಿ ಇದೆಯಾ? ಇಲ್ಲದಿದ್ದರೆ ಶನಿವಾರ ತಂದುಕೊಡುತ್ತೇನೆ.