ಮದುವೆ ಮನೆಗೆ ಮಾತ್ರ ಲೆನ್ಸ್ ಬೇಕು, ಯಾವುದು ಕೊಳ್ಳಲಿ?

ಪ್ರಶ್ನೆ: ನನಗೆ 24 ವರ್ಷ. ಎರಡೂ ಕಣ್ಣಿಗೆ ಮೈನಸ್ 5 ಪವರ್ ಇದೆ, ಬಲಗಣ್ಣಿಗೆ 1.5 ಸಿಲಿಂಡರ್ ಕೂಡ. ಮದುವೆ, ಸಮಾರಂಭಗಳಿಗಷ್ಟೇ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವ ಆಸೆ. ವರ್ಷವಿಡೀ ಬಾಳುವ ಲೆನ್ಸ್ ಅಗ್ಗ ಎನ್ನುತ್ತಾರೆ ಅಂಗಡಿಯವರು. ಕನ್ನಡಕದ ಚೀಟಿ ತೋರಿಸಿ ಕೊಳ್ಳಬಹುದೇ?
– ಓದುಗರೊಬ್ಬರು, ದಾವಣಗೆರೆ

ನೇತ್ರತಜ್ಞರ ಉತ್ತರ: ಆ ಚೀಟಿ ಸಾಲದು. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರವಿರುತ್ತದೆ, ಲೆನ್ಸ್ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಮೇಲೆಯೇ ಕೂರುತ್ತದೆ. ಹಾಗಾಗಿ ನಿಮ್ಮ ಮೈನಸ್ 5 ಲೆನ್ಸಿನಲ್ಲಿ 4.75ರ ಆಸುಪಾಸಿಗೆ ಇಳಿಯುತ್ತದೆ. ಕಾರ್ನಿಯಾದ ಉಬ್ಬಿಗೆ ಲೆನ್ಸಿನ ಬಾಗು ಹೊಂದಬೇಕು. ಡಬ್ಬಿಯ ಮೇಲೆ 8.4, 8.6 ಎಂದಿರುವುದು ಅದೇ. ಬಿಗಿಯಾದರೆ ಕಣ್ಣು ಕೆಂಪಾಗುತ್ತದೆ, ಸಡಿಲವಾದರೆ ರೆಪ್ಪೆ ಬಡಿದಾಗಲೆಲ್ಲ ಜಾರುತ್ತದೆ.

ಸಿಲಿಂಡರ್, ಅಂದರೆ ಒಂದೊಂದು ದಿಕ್ಕಿಗೆ ಒಂದೊಂದು ಪವರ್ ಇರುವ ಬಲಗಣ್ಣಿಗೆ ಅದನ್ನು ಸರಿಪಡಿಸುವ ಟೋರಿಕ್ ಲೆನ್ಸ್ ಬೇಕು. ಸಾದಾ ಲೆನ್ಸ್ ಕಣ್ಣೊಳಗೆ ತಿರುಗಿದರೂ ನಷ್ಟವಿಲ್ಲ, ಟೋರಿಕ್ ತಿರುಗಿದರೆ ಅಕ್ಷರ ಮಸುಕಾಗುತ್ತದೆ. ಅದು ಸ್ಥಿರವಾಗಿ ನಿಲ್ಲಲೆಂದು ಒಂದೆಡೆ ತುಸು ದಪ್ಪ ಮಾಡಿರುತ್ತಾರೆ. ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಅದರ ಅಂಚಿನ ಸೂಕ್ಷ್ಮ ಗುರುತು ಎತ್ತ ತಿರುಗಿದೆ ಎಂದು ಪರೀಕ್ಷಿಸುವುದೂ ಇದಕ್ಕೇ.

ವರ್ಷದ ಲೆನ್ಸ್ ಅಗ್ಗ ಎನ್ನುವವರು ಅದನ್ನು ನೆನೆಸಿಡುವ ದ್ರಾವಣದ ಲೆಕ್ಕ ಹೇಳುವುದಿಲ್ಲ. ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ಎರಡು–ಮೂರು ತಿಂಗಳಲ್ಲಿ ಎಸೆಯಬೇಕು, ಲೆನ್ಸ್ ಡಬ್ಬಿಯನ್ನೂ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ನೀವು ಹಾಕುವುದೇ ಅಪರೂಪ. ಉಳಿದ ದಿನ ಲೆನ್ಸ್ ಹಳೆಯ ದ್ರಾವಣದಲ್ಲಿ ನೆನೆಯುತ್ತ ಬಿದ್ದಿರುತ್ತದೆ. ಅಲ್ಲಿ ಬೆಳೆಯುವ ಸೂಕ್ಷ್ಮಾಣುಗಳು ಕಾರ್ನಿಯಾಕ್ಕೆ ಹುಣ್ಣು ತರಬಲ್ಲವು. ಒಂದು ದಿನ ಬಳಸಿ ಎಸೆಯುವ ಲೆನ್ಸೇ ನಿಮಗೆ ಸರಿ. ಇದರಲ್ಲಿ ಟೋರಿಕ್ ಕೂಡ ಸಿಗುತ್ತದೆ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದು ಆಮ್ಲಜನಕವನ್ನು ಹೆಚ್ಚಾಗಿ ಗಾಳಿಯಿಂದಲೇ ಪಡೆಯುತ್ತದೆ. ಸಾಧ್ಯವಾದರೆ ಗಾಳಿಯನ್ನು ಚೆನ್ನಾಗಿ ಬಿಡುವ ಸಿಲಿಕೋನ್ ಹೈಡ್ರೋಜೆಲ್ ಎಂಬ ವಸ್ತುವಿನ ಲೆನ್ಸ್ ಆರಿಸಿಕೊಳ್ಳಿ.

ಆರ್‌ಜಿಪಿ ಎಂಬ, ಗಾಳಿ ಬಿಡುವ ಗಡಸು ಲೆನ್ಸಿನ ದೃಷ್ಟಿ ಬಹಳ ಚೊಕ್ಕ, ಕಾರ್ನಿಯಾ ಶಂಕುವಿನಂತೆ ಚಾಚಿಕೊಂಡವರಿಗೆ ಅದು ವರವೇ. ಆದರೆ ಒಗ್ಗಲು ದಿನಗಳು ಬೇಕು. ಅಪರೂಪಕ್ಕೆ ಹಾಕುವ ನಿಮಗೆ ಬೇಡ. ಬಣ್ಣದ ಲೆನ್ಸ್ ಇಷ್ಟವಾದರೂ ಇದೇ ಅಳತೆ, ಇದೇ ಪರೀಕ್ಷೆ. ಗೆಳತಿಯದ್ದನ್ನು ಎರವಲು ಪಡೆಯಲೇಬೇಡಿ.

ಕೈ ತೊಳೆದು ಒಣಗಿಸಿಕೊಂಡು ಮೊದಲು ಲೆನ್ಸ್ ಹಾಕಿ, ಆಮೇಲೆ ಕಾಡಿಗೆ, ಅದೂ ರೆಪ್ಪೆಯ ಹೊರಗೆ. ನಲ್ಲಿ ನೀರು ತಾಗಿಸಬೇಡಿ, ಊಟ ಮುಗಿಸಿ ಛತ್ರದಲ್ಲೇ ಒರಗುವ ಮೊದಲು ತೆಗೆದುಬಿಡಿ. ನೋವು, ಕೆಂಪು, ಬೆಳಕು ಚುಚ್ಚಿದಂತಾಗುವುದು ಕಂಡರೆ ಲೆನ್ಸ್ ತೆಗೆದು, ಎಸೆಯದೆ ಅದರೊಂದಿಗೆ ಅಂದೇ ವೈದ್ಯರ ಬಳಿ ಹೋಗಿ.