ಕೆಲಸ ಸಿಕ್ಕಿತು ಅಂದರೆ ಯಾವ ಕೆಲಸ?

ಮೆಲ್ಬರ್ನ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: "ಆಸ್ಟ್ರೇಲಿಯಾದ ಮೂಲನಿವಾಸಿಗಳ ನಿರುದ್ಯೋಗದ ಬಗ್ಗೆ ನಿಮ್ಮ ಲೇಖನ ಬರೀ ಕತ್ತಲೆ ತೋರಿಸಿತು. 2016ರ ಗಣತಿಯಲ್ಲಿ 25ರಿಂದ 64 ವಯಸ್ಸಿನವರಲ್ಲಿ ಶೇ 51 ಮಂದಿಗೆ ಕೆಲಸವಿತ್ತು. 2021ರಲ್ಲಿ ಅದು ಶೇ 55.7 ಆಯಿತು. ಸರ್ಕಾರದ ಅಂಕಿಯನ್ನೂ ನಂಬದಿದ್ದರೆ ಇನ್ನೇನನ್ನು ನಂಬುತ್ತೀರಿ?"

ಸಂಪಾದಕರ ಉತ್ತರ:

ನೀವು ಕೊಟ್ಟ ಅಂಕಿಗಳು ಸರಿಯಾಗಿವೆ. ಸಮೀಕ್ಷೆಗಳು ಬೇಕೇ ಬೇಕು, ಅವಿಲ್ಲದೆ ಸರ್ಕಾರವನ್ನು ಪ್ರಶ್ನಿಸಲು ಆಗುವುದಿಲ್ಲ. ಆದರೆ ಇಷ್ಟು ಶ್ರದ್ಧೆಯಿಂದ ಹುಡುಕಿದ ನೀವು ಇನ್ನೊಂದು ಪುಟ ತಿರುಗಿಸಬೇಕಿತ್ತು. ಆ ಐದು ವರ್ಷಗಳಲ್ಲಿ ತಾವು ಮೂಲನಿವಾಸಿಗಳೆಂದು ಬರೆಸಿದವರು 6,49,171ರಿಂದ 8,12,728ಕ್ಕೆ ಏರಿದರು. ಬರೀ ಹುಟ್ಟಿನಿಂದ ಇಷ್ಟು ಏರಲ್ಲ. ಮೊದಲು ಹಾಗೆ ಬರೆಸದವರು ಈ ಸಲ ಬರೆಸಿದ್ದಾರೆ. ಅದು ಸಂತೋಷದ ಸಂಗತಿಯೇ. ಆದರೆ ಹೊಸದಾಗಿ ಸೇರಿದವರಲ್ಲಿ ಎಷ್ಟು ಜನಕ್ಕೆ ಮೊದಲೇ ಕೆಲಸವಿತ್ತು? ನಿಮ್ಮ ಎರಡು ಶೇಕಡಾಗಳು ಅದನ್ನು ಹೇಳುವುದಿಲ್ಲ. ಅಲ್ಲಿನ ಅಂಕಿಅಂಶ ಇಲಾಖೆಯೇ 2021ರಲ್ಲಿ ಮೂಲನಿವಾಸಿಗಳ ಪೈಕಿ ಶೇ 17.4 ಮಂದಿ ಎಣಿಕೆಯಿಂದ ತಪ್ಪಿಹೋದರೆಂದು ಅಂದಾಜು ಮಾಡಿದೆ. 1967ರ ಜನಮತಗಣನೆಯವರೆಗೆ, ದೇಶದ ಜನರನ್ನು ಲೆಕ್ಕ ಹಾಕುವಾಗ ಇವರನ್ನು ಸೇರಿಸಬಾರದು ಎಂದು ಸಂವಿಧಾನದ 127ನೇ ಕಲಮೇ ಹೇಳುತ್ತಿತ್ತು. ಅಂಥವರು ಗಣತಿದಾರರಿಗೆ ಬಾಗಿಲು ತೆರೆಯಲು ಹಿಂಜರಿದರೆ ತಪ್ಪು ಯಾರದು?

ನನ್ನನ್ನು ಹೆಚ್ಚು ಕಾಡುವುದು ಸಿಡಿಇಪಿ, ಅಂದರೆ ಸಮುದಾಯ ಅಭಿವೃದ್ಧಿ ಉದ್ಯೋಗ ಯೋಜನೆಯ ಕತೆ. 1977ರಲ್ಲಿ ಉತ್ತರ ಪ್ರಾಂತ್ಯದ ಬಮ್ಯಿಲಿ, ಅಂದರೆ ಈಗಿನ ಬರುಂಗಾದಲ್ಲಿ ಶುರುವಾದ ಯೋಜನೆ ಇದು. ನಿರುದ್ಯೋಗ ಭತ್ಯೆಯನ್ನು ಒಬ್ಬೊಬ್ಬರಿಗೆ ಕೊಡುವ ಬದಲು ಸಮುದಾಯಕ್ಕೆ ಕೊಟ್ಟು, ಊರಿಗೆ ಬೇಕಾದ ಕೆಲಸ ಮಾಡಿಸುತ್ತಿದ್ದರು. ಮಾಡಿದವರೆಲ್ಲ ಸಮೀಕ್ಷೆಯಲ್ಲಿ ಉದ್ಯೋಗಿಗಳು. 2008ರಲ್ಲಿ 15ರಿಂದ 64 ವಯಸ್ಸಿನ ಮೂಲನಿವಾಸಿಗಳಲ್ಲಿ ಶೇ 53.8 ಮಂದಿಗೆ ಕೆಲಸವಿದೆ ಎಂದಿತು ಲೆಕ್ಕ. ಈ ಯೋಜನೆಯವರನ್ನು ತೆಗೆದು ನೋಡಿದರೆ ಶೇ 48.2. ಹತ್ತು ವರ್ಷದಲ್ಲಿ ಉದ್ಯೋಗದ ಅಂತರವನ್ನು ಅರ್ಧಕ್ಕೆ ಇಳಿಸುತ್ತೇವೆ ಎಂದು ಸರ್ಕಾರ ಮಾತು ಕೊಟ್ಟದ್ದೂ ಅದೇ ವರ್ಷ. ಆಮೇಲೆ ಯೋಜನೆಯನ್ನು ಹಂತಹಂತವಾಗಿ ಮುಚ್ಚಿದರು. ಬದಲಿಗೆ ಬಂದದ್ದರಲ್ಲೂ ಭತ್ಯೆಗಾಗಿ ದುಡಿಯಬೇಕಿತ್ತು, ಆದರೆ ದುಡಿದವರನ್ನು ಉದ್ಯೋಗಿಗಳೆಂದು ಎಣಿಸಲಿಲ್ಲ. 2014-15ರ ಸಮೀಕ್ಷೆಯಲ್ಲಿ ಶೇ 48.4. ಅದೇ ಊರು, ಅದೇ ಬೀದಿ, ಗುಡಿಸುವ ಕೈಯೂ ಅದೇ ಇರಬಹುದು. ಲೆಕ್ಕದಲ್ಲಿ ಒಂದು ಸಲ ಅವನಿಗೆ ಕೆಲಸವಿದೆ, ಇನ್ನೊಂದು ಸಲ ಇಲ್ಲ!

ಕೆಲಸ ಹುಡುಕಲು ನೆರವಾಗುವ ಸರ್ಕಾರಿ ಸೇವೆಯಿಂದ ಹೊರಬಂದವರನ್ನು ಸುಮಾರು ಮೂರು ತಿಂಗಳ ನಂತರ ಕೇಳುವ ಸಮೀಕ್ಷೆಯೂ ಅಲ್ಲಿದೆ. ಉತ್ತರಿಸಿದವರ ಮಾತು ದಾಖಲಾಗುತ್ತದೆ. ಫೋನ್ ನಂಬರ್ ಬದಲಾದವರು, ಊರು ಬಿಟ್ಟವರು ಎಲ್ಲಿ ಹೋದರು? ವಾರಕ್ಕೆ ಒಂದೇ ಗಂಟೆ ದುಡಿದರೂ ಉದ್ಯೋಗಿ ಎನ್ನುವುದು ಬಹುತೇಕ ದೇಶಗಳು ಒಪ್ಪಿರುವ ನಿಯಮ. ನಮ್ಮ ದೇಶದ ವಾರದ ಲೆಕ್ಕವೂ ಹಾಗೇ. ಹೊಟ್ಟೆ ತುಂಬಿತೇ, ಮುಂದಿನ ತಿಂಗಳೂ ಆ ಕೆಲಸ ಇರುತ್ತದೆಯೇ ಎಂದು ಆ ಒಂದು ಗಂಟೆ ಹೇಳುವುದಿಲ್ಲ, ಅಲ್ವಾ?

ಎಚ್.ಡಿ. ಕೋಟೆಯ ಒಂದು ಹಾಡಿಯಲ್ಲಿ ಜೇನುಕುರುಬ ಹುಡುಗನೊಬ್ಬ ನನಗೆ ಹೇಳಿದ್ದು ಮರೆತಿಲ್ಲ. ಅವನು ಒಂದು ಸಂಸ್ಥೆಯಲ್ಲಿ ವೈರಿಂಗ್ ಕಲಿತಿದ್ದ. ಕೆಲವು ತಿಂಗಳ ನಂತರ ಫೋನ್ ಬಂತು: "ಕೆಲಸ ಸಿಕ್ತಾ?" ಅವನಾಗ ಕೊಡಗಿನ ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದ. ಹೂಂ ಎಂದ. ಅಷ್ಟಕ್ಕೇ ಫೋನ್ ಇಟ್ಟರು. ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಅವನ ಅಪ್ಪನೂ ಕಾಫಿಯನ್ನೇ ಕೊಯ್ದವನು.

ನಮ್ಮ ಪತ್ರಿಕೆಗಳ ಮೇಲೂ ನನಗೆ ಸಿಟ್ಟಿದೆ. ಕ್ರಿಕೆಟ್ ಸ್ಕೋರಿನ ಲೆಕ್ಕವನ್ನು ಚೆಂಡು ಚೆಂಡಿಗೆ ಬಿಡಿಸಿ ಬರೆಯುತ್ತೇವೆ. ಉದ್ಯೋಗದ ಶೇಕಡಾ ಬಂದರೆ ಸಚಿವರ ಫೋಟೊ ಹಾಕಿ ಸುಮ್ನೆ ಛಾಪಿಸುತ್ತೇವೆ. ಎಷ್ಟು ಜನರನ್ನು ಕೇಳಿದರು, ಯಾರು ಉತ್ತರಿಸಲಿಲ್ಲ, ಕೆಲಸ ಎಂದು ಯಾವುದನ್ನು ಕರೆದರು, ಈ ಮೂರೂ ಸುದ್ದಿಯಲ್ಲಿ ಇರುವುದೇ ಇಲ್ಲ. ಇಲ್ಲಿ ಜೇನುಕುರುಬರೂ ಕೊರಗರೂ ಪರಿಶಿಷ್ಟ ಪಂಗಡ ಎಂಬ ಒಂದೇ ಸಾಲಿನಲ್ಲಿ ಕರಗಿಹೋಗುತ್ತಾರೆ.

ನೀವು ಅಲ್ಲೇ ಇದ್ದೀರಿ. 25ರಿಂದ 64 ವಯಸ್ಸಿನ ಮೂಲನಿವಾಸಿಗಳ ಉದ್ಯೋಗ 2031ಕ್ಕೆ ಶೇ 62 ಮುಟ್ಟುವುದು ಅಲ್ಲಿನ ಸರ್ಕಾರಗಳ ಹೊಸ ಗುರಿ. 2026ರ ಆಗಸ್ಟ್ ಗಣತಿಯ ಅಂಕಿ ಬಂದಾಗ, ದೂರದ ಊರುಗಳ ಕೋಷ್ಟಕವನ್ನು ಬೇರೆಯಾಗಿ ತೆಗೆದು ನೋಡಿ ನಮಗೆ ಬರೆಯಿರಿ. ಪೂರ್ತಿ ಪುಟ ಕೊಡುತ್ತೇನೆ.