ಅದೇ ಕೀಮೋ, ಒಬ್ಬರಿಗೆ ಮಾತ್ರ ಯಾಕೆ ಹೀಗೆ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ನಮ್ಮ ಭಾವನಿಗೂ ಹಿಂದಿನ ಬೀದಿಯ ಒಬ್ಬರಿಗೂ ಬಾಯಿ ಕ್ಯಾನ್ಸರ್. ಇಬ್ಬರಿಗೂ ಅದೇ ಮೂರು ಔಷಧಿಯ ಕೀಮೋ. ಅವರು ಓಡಾಡಿಕೊಂಡಿದ್ದಾರೆ. ಭಾವನಿಗೆ ಮೊದಲ ಸುತ್ತಿಗೇ ಬಾಯೆಲ್ಲ ಹುಣ್ಣು, ನಿಲ್ಲದ ಭೇದಿ, ಬಿಳಿ ರಕ್ತಕಣ ಇಳಿದು ಐಸಿಯು. ಜೀನ್ ಕಾರಣ ಇರಬಹುದು ಅಂದರು ಡಾಕ್ಟರು. ಹಾಗಾದರೆ ಎಲ್ಲರಿಗೂ ಮೊದಲೇ ಟೆಸ್ಟ್ ಮಾಡಬಾರದಾ?’

ಭಾವ ಮನೆಗೆ ಬಂದರು ಅಂತ ಪತ್ರದ ಕೊನೆಯಲ್ಲಿ ಓದಿ ಸಮಾಧಾನವಾಯಿತು.

ಆ ಮೂರು ಔಷಧಿಗಳು ಡೋಸಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್, ಫ್ಲೋರೋಯುರಾಸಿಲ್. ಬಿಳಿಕಣ ಇಳಿಸುವುದರಲ್ಲಿ ಮೊದಲನೆಯದೂ ಕಡಿಮೆಯಿಲ್ಲ. ಆದರೆ ಹುಣ್ಣು, ಭೇದಿ, ಬಿಳಿಕಣ ಮೂರೂ ಇಷ್ಟು ಜೋರಾಗಿ ಒಟ್ಟಿಗೆ ಬಂದಾಗ ಅನುಮಾನ ಹೋಗುವುದು ಕೊನೆಯದರ ಮೇಲೆ. ಆಸ್ಪತ್ರೆಯಲ್ಲಿ ‘ಫೈವ್ ಎಫ್‌ಯು’ ಅನ್ನುತ್ತಾರಲ್ಲ, ಅದೇ. 1957ರಷ್ಟು ಹಳೆಯದು. ಮೈಗೆ ಹೋದ ಈ ಔಷಧಿಯಲ್ಲಿ ಶೇಕಡಾ 80ಕ್ಕೂ ಜಾಸ್ತಿ ಪಾಲನ್ನು ಒಡೆದು ಹಾಕುವುದು ಡಿಪಿಡಿ ಎಂಬ ಕಿಣ್ವ. ಅದನ್ನು ಮಾಡಿಸುವ ಜೀನ್ ಡಿಪಿವೈಡಿ. ಕೆರೆಯ ತೂಬು ಅಂದುಕೊಳ್ಳಿ. ಹುಟ್ಟಿನಿಂದಲೇ ತೂಬು ಅರ್ಧ ಮುಚ್ಚಿದ್ದರೆ ಎಲ್ಲರಿಗೂ ಬಿಡುವಷ್ಟೇ ನೀರಿಗೂ ಕೆರೆ ಕೋಡಿ ಬೀಳುತ್ತದೆ. ಭಾವನದು ಹೀಗೇ ಆಗಿರಬಹುದು. ತೂಬು ಅರ್ಧ ಮುಚ್ಚಿದೆ ಅಂತ ಮೊದಲೇ ಗೊತ್ತಾದರೆ ಸಾಮಾನ್ಯವಾಗಿ ಅರ್ಧ ಡೋಸಿನಿಂದ ಶುರು ಮಾಡುತ್ತಾರೆ.

ಎಲ್ಲರಿಗೂ ಟೆಸ್ಟ್ ಬೇಕಾ? ಫೈವ್ ಎಫ್‌ಯು ಕೊಡುವುದಾದರೆ ಬೇಕು ಅಂತಲೇ ನನ್ನ ಮಾತು. ಯುರೋಪಿನ ಔಷಧ ಸಂಸ್ಥೆ 2020ರಲ್ಲೇ ಹಾಗೆ ಸಲಹೆ ಕೊಟ್ಟಿದೆ. ಆದರೆ ರಿಪೋರ್ಟ್ ನಾರ್ಮಲ್ ಬಂತು ಅಂತ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಸಾಮಾನ್ಯವಾಗಿ ಹುಡುಕುವ ನಾಲ್ಕು ಬದಲಾವಣೆಗಳು ಹೆಚ್ಚಾಗಿ ಯುರೋಪಿನವರಲ್ಲಿ ಕಂಡುಕೊಂಡವು. ನಮ್ಮವರ ಜೀನಿನಲ್ಲಿ ತೊಡಕು ಬೇರೆ ಜಾಗದಲ್ಲಿದ್ದರೆ ಆ ಟೆಸ್ಟಿಗೆ ಕಾಣುವುದಿಲ್ಲ. ಯುರಾಸಿಲ್ ಅನ್ನುವುದು ನಮ್ಮ ಮೈಯಲ್ಲೇ ಇರುವ ವಸ್ತು, ಅದನ್ನು ಒಡೆಯುವುದೂ ಇದೇ ಡಿಪಿಡಿ. ಫ್ರಾನ್ಸಿನವರು ರಕ್ತದಲ್ಲಿ ಅದು ಎಷ್ಟಿದೆ ಅಂತ ಅಳೆಯುತ್ತಾರೆ. ತೂಬಿನ ನಕ್ಷೆ ನೋಡುವ ಬದಲು ನೀರು ಹರಿಯುತ್ತಿದೆಯಾ ಅಂತಲೇ ನೋಡಿದ ಹಾಗೆ.

ಸಿಸ್‌ಪ್ಲಾಟಿನ್‌ನಿಂದ ಕಿವಿ ಮಂದವಾಗುವುದಕ್ಕೂ ಜೀನ್ ಹುಡುಕಿದ್ದಾರೆ. ಒಂದು ಅಧ್ಯಯನ ಹೌದು ಅಂದರೆ ಇನ್ನೊಂದು ಅಲ್ಲ ಅನ್ನುತ್ತದೆ. ಅದಕ್ಕೆ ದುಡ್ಡು ಹಾಕುವ ಬದಲು ಕೀಮೋಗೆ ಮೊದಲು ಒಮ್ಮೆ, ನಡುವೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಇನ್ನು ಗಡ್ಡೆಯ ತುಂಡು ಕಳಿಸಿ ನೂರಾರು ಜೀನ್ ನೋಡುವ ದುಬಾರಿ ಪ್ಯಾಕೇಜ್ ಬಗ್ಗೆಯೂ ಕೇಳಿದ್ದೀರಿ. ಅದು ಮುಖ್ಯವಾಗಿ ಗಡ್ಡೆಯಲ್ಲಿ ಆಮೇಲೆ ಆದ ಬದಲಾವಣೆಗಳನ್ನು ಹುಡುಕುತ್ತದೆ. ನಾವು ಮಾತಾಡುತ್ತಿರುವುದು ಅಪ್ಪ ಅಮ್ಮನಿಂದ ಬಂದ ಜೀನ್. ಅದಕ್ಕೆ ಸ್ವಲ್ಪ ರಕ್ತ ಸಾಕು.

ಸೋದರಮಾವನ ಮಗನಿಗೇ ಅಕ್ಕನನ್ನು ಕೊಟ್ಟಿದ್ದು ಅಂತ ಬರೆದಿದ್ದೀರಿ, ಅದಕ್ಕೇ ಈ ಮಾತು. ಭಾವನಲ್ಲಿ ಜೀನಿನ ಒಂದು ಪ್ರತಿ ಕೆಟ್ಟಿದ್ದರೆ ಪ್ರತಿ ಮಗುವಿಗೂ ಅದು ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಸಂಬಂಧದೊಳಗಿನ ಮದುವೆಯಾದ್ದರಿಂದ ಅಕ್ಕನಲ್ಲೂ ಅದೇ ಇರಬಹುದು. ಆಗ ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬರಬಹುದು. ಎರಡೂ ಪ್ರತಿ ಕೆಟ್ಟವರಿಗೆ ಈ ಔಷಧಿ ಕೊಡಲೇಬಾರದು. ಮಕ್ಕಳನ್ನು ಈಗಲೇ ಟೆಸ್ಟಿಗೆ ಎಳೆದುಕೊಂಡು ಹೋಗಬೇಕಾಗಿಲ್ಲ. ಮೊದಲು ಭಾವನ ರಿಪೋರ್ಟ್ ಬರಲಿ.

ಅವರ ಫೈಲಿನ ಮೊದಲ ಹಾಳೆಯಲ್ಲಿ, ಫೈವ್ ಎಫ್‌ಯುನಿಂದ ಹೀಗಾಗಿತ್ತು ಅಂತ ದಪ್ಪಕ್ಷರದಲ್ಲಿ ಬರೆದಿಡಿ. ಪಕ್ಕದಲ್ಲೇ ಕ್ಯಾಪೆಸಿಟಬಿನ್ ಅಂತಲೂ ಬರೆಯಿರಿ. ಅದು ಮಾತ್ರೆ, ಹೆಸರು ಬೇರೆ. ಆದರೆ ಮೈಯೊಳಗೆ ಹೋದ ಮೇಲೆ ಇದೇ ಔಷಧಿಯಾಗುತ್ತದೆ.